ತಜ್ಞರ ಉತ್ತರ: ಪಿಕಲ್‌ಬಾಲ್‌ನಲ್ಲಿ 3.5ಕ್ಕೆ ಹೆಸರು ಕೊಡಲೇ, ಮೊದಲು ಪ್ಯಾಡಲ್ ಬದಲಿಸಲೇ?

ಪ್ರಶ್ನೆ: ನನಗೆ 46 ವರ್ಷ, ಬ್ಯಾಂಕ್ ಕೆಲಸ, ಮನೆ ಮುಲುಂಡ್. ಇಪ್ಪತ್ತು ವರ್ಷ ಶಟಲ್ ಆಡಿದವನು. ಒಂದು ವರ್ಷದಿಂದ ಸೊಸೈಟಿಯ ಪೋಡಿಯಂ ಕೋರ್ಟಿನಲ್ಲಿ ವಾರಕ್ಕೆ ನಾಲ್ಕು ದಿನ ಪಿಕಲ್‌ಬಾಲ್ (ತೂತಿನ ಪ್ಲಾಸ್ಟಿಕ್ ಚೆಂಡನ್ನು ಗಟ್ಟಿ ಪ್ಯಾಡಲ್‌ನಿಂದ ಹೊಡೆಯುವ ಆಟ) ಆಡುತ್ತಿದ್ದೇನೆ. ಆಟಗಾರರ ಮಟ್ಟ ಅಳೆಯುವ ಡೂಪರ್ (DUPR) ರೇಟಿಂಗ್‌ನಲ್ಲಿ ಡಬಲ್ಸ್ 3.12 ಎಂದು ತೋರಿಸುತ್ತದೆ, ರಿಲಯಬಿಲಿಟಿ 38. ಜೊತೆಗೆ ಆಡುವವರೆಲ್ಲ "ನೀವು 3.5 ರೀ, ಧೈರ್ಯವಾಗಿ ಹೆಸರು ಕೊಡಿ" ಅನ್ನುತ್ತಾರೆ. ಹೋದ ತಿಂಗಳು ಥಾಣೆಯ ಒಂದು ಟೂರ್ನಿಯಲ್ಲಿ ಭಾವಮೈದನ ಜೊತೆ ಇಂಟರ್‌ಮೀಡಿಯೇಟ್ ಡಬಲ್ಸ್ ಆಡಿ ಮೂರೂ ಪೂಲ್ ಮ್ಯಾಚ್ ಸೋತೆ: 4-11, 5-11, 9-11. ನನ್ನದು 2,200 ರೂಪಾಯಿಯ ಪ್ಯಾಡಲ್, ಫೈಬರ್‌ಗ್ಲಾಸ್, 13 ಮಿ.ಮೀ. ದಪ್ಪ. ಅಂಗಡಿಯವರು 19,000 ರೂಪಾಯಿಯ ಟಿ700 ಕಾರ್ಬನ್, 14 ಮಿ.ಮೀ., ಥರ್ಮೋಫಾರ್ಮ್ಡ್, ಉದ್ದನೆಯ ಆಕಾರದ್ದು ತೋರಿಸಿ "ಅರ್ಧ ಲೆವೆಲ್ ಮೇಲೆ ಹೋಗ್ತೀರಿ" ಅಂದರು. ಭಾವಮೈದ 16 ಮಿ.ಮೀ.ಯದೇ ಬೇಕು ಅನ್ನುತ್ತಾನೆ. ಇದರ ನಡುವೆ ಮೂರು ವಾರದಿಂದ ಬಲ ಮೊಣಕೈಯ ಹೊರಬದಿಯಲ್ಲಿ ನೋವು. ಬೆಳಿಗ್ಗೆ ಹಾಲಿನ ಪಾತ್ರೆ ಎತ್ತುವಾಗ ಚುಳ್ ಅನ್ನುತ್ತದೆ. ಮುಂದಿನ ಟೂರ್ನಿಗೆ ಎರಡು ತಿಂಗಳಿದೆ. ಯಾವ ವಿಭಾಗಕ್ಕೆ ಹೆಸರು ಕೊಡಲಿ, ಯಾವ ಪ್ಯಾಡಲ್ ಕೊಳ್ಳಲಿ?
(ಒಬ್ಬ ಓದುಗರು, ಮುಲುಂಡ್)

ಉತ್ತರ: ನೀವು ಕೇಳಿರುವುದು ಎರಡು ಪ್ರಶ್ನೆ, ಪತ್ರದಲ್ಲಿರುವುದು ಮೂರು. ಹಾಲಿನ ಪಾತ್ರೆಯ ಜೊತೆ ಬಂದ ಮೂರನೆಯದೇ ಉಳಿದೆರಡನ್ನೂ ತೀರ್ಮಾನಿಸುತ್ತದೆ. ಮೊದಲೇ ಹೇಳಿಬಿಡುತ್ತೇನೆ: 19,000ದ ಆ ಪ್ಯಾಡಲ್ ಬೇಡ. ಈ ಸಲ 3.5 ವಿಭಾಗವೂ ಬೇಡ. ಆದರೆ ಈಗಿರುವ ಪ್ಯಾಡಲ್ ಹಿಡಿದು ಮುಂದುವರಿಯುವುದೂ ಬೇಡ. ಸೋತವರು ಪ್ಯಾಡಲ್ ಬದಲಿಸುತ್ತೇನೆಂದರೆ 'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ' ಎಂದು ನಗುವುದು ರೂಢಿ. ನಿಮ್ಮ ವಿಷಯದಲ್ಲಿ ನೆಲವೂ ಸ್ವಲ್ಪ ಡೊಂಕೇ ಇದೆ.

3.12 ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಡೂಪರ್ 2.000ದಿಂದ 8.000ದವರೆಗಿನ ಅಳತೆ. ಅದಕ್ಕೆ ನಿಮ್ಮ ಸ್ಮ್ಯಾಶ್ ಕಾಣುವುದಿಲ್ಲ, ನೆಟ್ ಬಳಿಯಿಂದ ಮೆತ್ತಗೆ ದಾಟಿಸುವ ಡಿಂಕ್ ಕಾಣುವುದಿಲ್ಲ. ಯಾರ ಜೊತೆಗೂಡಿ ಯಾರ ಎದುರು ಆಡಿದಿರಿ, ಫಲಿತಾಂಶ ಏನಾಯಿತು ಎಂಬುದಷ್ಟೇ ಅದರ ಲೆಕ್ಕ. ಪಕ್ಕದಲ್ಲಿರುವ ರಿಲಯಬಿಲಿಟಿ ಅಂಕೆ ಆ ಲೆಕ್ಕವನ್ನು ಎಷ್ಟು ನಂಬಬಹುದು ಎಂದು ಹೇಳುತ್ತದೆ: ಎಷ್ಟು ಮ್ಯಾಚ್ ದಾಖಲಾಗಿವೆ, ಎಷ್ಟು ಇತ್ತೀಚಿನವು, ಎಷ್ಟು ಬೇರೆ ಬೇರೆ ಜನರ ಜೊತೆ ಆಡಿದ್ದೀರಿ. 38 ಅಂದರೆ ಕಡಿಮೆಯೇ. ಇಂಥ ಹಂತದಲ್ಲಿ ನಾಲ್ಕೈದು ಮ್ಯಾಚಿಗೇ ರೇಟಿಂಗ್ ದಡಬಡ ಏರಿಳಿಯುತ್ತದೆ. ಹಾಗಾಗಿ 3.12ನ್ನು '2.9ರಿಂದ 3.4ರೊಳಗೆ ಎಲ್ಲೋ' ಎಂದು ಓದಿಕೊಳ್ಳಿ.

ಅದಕ್ಕಿಂತ ದೊಡ್ಡ ತೊಡಕು ಸೊಸೈಟಿಯ ಗುಂಪು. ಹತ್ತು ಹನ್ನೆರಡು ಮಂದಿ ತಮ್ಮ ತಮ್ಮಲ್ಲೇ ಆಡಿ ಅಂಕ ದಾಖಲಿಸುತ್ತ ಹೋದರೆ, ಒಂದೇ ಮನೆಯ ಅಣ್ಣತಮ್ಮಂದಿರು ತಮ್ಮೊಳಗೇ ಸಾಲ ಕೊಟ್ಟು ತೆಗೆದುಕೊಂಡ ಹಾಗೆ. ಯಾರ ಜೇಬಲ್ಲಿ ಎಷ್ಟಿದೆ ಎಂದು ತಿಳಿಯುತ್ತದೆ, ಮನೆಯ ಒಟ್ಟು ಆಸ್ತಿ ಎಷ್ಟೆಂದು ತಿಳಿಯುವುದಿಲ್ಲ. "ನೀವು 3.5" ಎಂದು ಹೇಳುವವರು ನಿಮ್ಮನ್ನು ಹೋಲಿಸುತ್ತಿರುವುದು ತಮ್ಮ ಜೊತೆಗೇ. ಅವರು ಸುಳ್ಳು ಹೇಳುತ್ತಿಲ್ಲ, ಅವರ ಬಳಿ ಇರುವ ಅಳತೆಗೋಲೇ ಅಷ್ಟು. ಥಾಣೆಯ ಮೂರು ಮ್ಯಾಚು ನಿಮ್ಮ ಮೊದಲ ನಿಜವಾದ ಹೊರಗಿನ ಅಳತೆ.

ಹಾಗಾದರೆ 3.5 ಅಂದರೆ ಏನು? 3.0ದ ಆಟಗಾರನಿಗೆ ನಿಯಮ ಗೊತ್ತು, ಸರ್ವ್ ಮತ್ತು ರಿಟರ್ನ್ ಸಾಮಾನ್ಯವಾಗಿ ಒಳಗೆ ಬೀಳುತ್ತವೆ, ನಿಧಾನದ ಚೆಂಡನ್ನು ಬಹುಮಟ್ಟಿಗೆ ಹಿಂತಿರುಗಿಸುತ್ತಾನೆ, ವೇಗ ಬಂದರೆ ತಡವರಿಸುತ್ತಾನೆ. 3.5ರವನು ಮಧ್ಯಮ ವೇಗದ ಚೆಂಡನ್ನು ತಾನು ಬಯಸಿದ ಕಡೆಗೆ ಕಳಿಸುತ್ತಾನೆ. ಡ್ರಾಪ್ (ಹಿಂದಿನಿಂದ ಮೆತ್ತಗೆ ನೆಟ್ ದಾಟಿಸಿ ಇಳಿಸುವುದು) ಆಡಬೇಕೋ ಡ್ರೈವ್ (ಬಲವಾಗಿ ನೇರಕ್ಕೆ) ಹೊಡೆಯಬೇಕೋ ಎಂದು ಯೋಚಿಸಿ ಆರಿಸುತ್ತಾನೆ, ಅವಕಾಶ ಸಿಕ್ಕ ಕೂಡಲೇ ಕಿಚನ್ ಗೆರೆಗೆ, ಅಂದರೆ ನೆಟ್ ಪಕ್ಕದ, ನಿಂತು ಪುಟಿಯದ ಚೆಂಡನ್ನು ಹೊಡೆಯಬಾರದ ಜಾಗದ ಅಂಚಿಗೆ ಬರುತ್ತಾನೆ. 4.0ದವನಿಗೆ ಇದಿಷ್ಟೂ ಒತ್ತಡದಲ್ಲೂ ಬರುತ್ತದೆ, ಯಾವ ಚೆಂಡನ್ನು ಹೊಡೆಯಬಾರದು ಎಂಬುದೂ ಗೊತ್ತಿರುತ್ತದೆ.

ಇದನ್ನು ಮಾತಿನಲ್ಲಿ ಬಿಡದೆ ಕೋರ್ಟಿನಲ್ಲಿ ಎಣಿಸಿ ನೋಡಿ. ಕೆಳಗಿನ ಅಂಕೆಗಳು ಯಾವ ಸಂಸ್ಥೆಯ ನಿಯಮವೂ ಅಲ್ಲ, ಹವ್ಯಾಸಿಗಳನ್ನು ವಿಭಾಗಕ್ಕೆ ಹಾಕುವಾಗ ನಾನು ಬಳಸುವ ಅಳತೆ. ನೆಟ್‌ನಿಂದ ಬೇಸ್‌ಲೈನಿಗೆ 22 ಅಡಿ, ಅದರಲ್ಲಿ ಮೊದಲ 7 ಅಡಿ ಕಿಚನ್. ಬೇಸ್‌ಲೈನಿನಿಂದ ಒಳಕ್ಕೆ 5 ಅಡಿ ಅಳೆದು ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಹತ್ತು ಸರ್ವ್, ಹತ್ತು ರಿಟರ್ನ್‌ಗಳಲ್ಲಿ ಏಳೇಳಾದರೂ ಆ ಪಟ್ಟಿಯೊಳಗೆ ಬೀಳಬೇಕು. ಎದುರಿಗೆ ಇಬ್ಬರನ್ನು ಕಿಚನ್ ಗೆರೆಯ ಮೇಲೆ ನಿಲ್ಲಿಸಿ ಬೇಸ್‌ಲೈನಿನಿಂದ ಇಪ್ಪತ್ತು ಡ್ರಾಪ್ ಆಡಿ. ಅವರು ನೆಟ್‌ಗಿಂತ ಕೆಳಗಿನಿಂದ, ಮೇಲ್ಮುಖವಾಗಿ ಆಡಲೇಬೇಕಾಗಿ ಬಂದ ಚೆಂಡುಗಳನ್ನು ಮಾತ್ರ ಎಣಿಸಿ. ಹತ್ತು ದಾಟಿದರೆ 3.5ರ ಆಸುಪಾಸು, ಆರೇಳು ಬಂದರೆ 3.0. ಕೊನೆಗೆ ನೆಟ್‌ನಿಂದ ಸುಮಾರು 12 ಅಡಿ ದೂರ, ಅಂದರೆ ನಡುವಿನ ತ್ರಾಸದ ಜಾಗದಲ್ಲಿ ನಿಂತು, ಎದುರಿನವರು ರಪರಪ ಹೊಡೆದ ಹತ್ತು ಚೆಂಡುಗಳನ್ನು ಮೆತ್ತಗೆ ಕಿಚನ್‌ಗೆ ಇಳಿಸಿ. ಐದು ಇಳಿದರೆ 3.5ರ ಬಗ್ಗೆ ಮಾತಾಡಬಹುದು.

4-11ರೊಳಗೆ ಏನಿದೆ

ನಿಮ್ಮ ಅಂಕಗಳು ನಿಮಗಿಂತ ಹೆಚ್ಚು ಹೇಳುತ್ತಿವೆ. ನಮ್ಮ ಬಹುತೇಕ ಹವ್ಯಾಸಿ ಟೂರ್ನಿಗಳಲ್ಲಿ ಸರ್ವ್ ಮಾಡುವ ಜೋಡಿಗೆ ಮಾತ್ರ ಅಂಕ ಸಿಗುವ ಪದ್ಧತಿ. ನಿಮ್ಮದೂ ಅದೇ ಎಂದುಕೊಂಡು ಬರೆಯುತ್ತಿದ್ದೇನೆ. ಈಗ ಎರಡು ಬೌನ್ಸ್ ನಿಯಮ ನೆನಪಿಸಿಕೊಳ್ಳಿ. ಸರ್ವ್ ಒಮ್ಮೆ ಪುಟಿಯಬೇಕು, ರಿಟರ್ನ್ ಕೂಡ ಒಮ್ಮೆ ಪುಟಿಯಬೇಕು. ರಿಟರ್ನ್ ಹೊಡೆದವರು ತಕ್ಷಣ ಕಿಚನ್ ಗೆರೆಗೆ ಬಂದುಬಿಡುತ್ತಾರೆ, ಸರ್ವ್ ಮಾಡಿದ ನೀವಿಬ್ಬರೂ ಹಿಂದೆಯೇ ಕಟ್ಟಿಹಾಕಿದಂತೆ ನಿಂತಿರುತ್ತೀರಿ. ಅಲ್ಲಿಂದ ಮುಂದಕ್ಕೆ ಬರಲು ಇರುವ ಬಾಗಿಲು ಮೂರನೇ ಹೊಡೆತ. ಅದು ಎತ್ತರಕ್ಕೆ ಹೋಯಿತೋ, ನೆಟ್‌ನಲ್ಲಿ ನಿಂತವರು ನಿಮ್ಮ ಕಾಲಬುಡಕ್ಕೆ ಬಡಿಯುತ್ತಾರೆ, ಸರ್ವ್ ಕೈತಪ್ಪುತ್ತದೆ, ಅಂಕ ಬರುವುದಿಲ್ಲ. ಅಂದರೆ 11-4ರಲ್ಲಿ ನಿಮ್ಮ ನಾಲ್ಕು ನಿಮ್ಮ ಸರ್ವ್‌ನ ವೇಗಕ್ಕೆ ಸಿಕ್ಕ ಅಂಕ ಅಲ್ಲ, ನಿಮ್ಮ ಮೂರನೇ ಹೊಡೆತದ ಅಂಕ. ಹೆಚ್ಚು ಪವರ್ ಇರುವ ಪ್ಯಾಡಲ್ ಇಲ್ಲಿ ಏನು ಮಾಡುತ್ತದೆ? ಡ್ರಾಪನ್ನು ಇನ್ನೂ ಒಂದು ಗೇಣು ಎತ್ತರಕ್ಕೆ ಕಳಿಸುತ್ತದೆ.

ಮುಂದಿನ ಸಲ ಮನೆಯವರು ಯಾರಾದರೂ ನೋಡಲು ಬಂದಿದ್ದರೆ ಅವರ ಕೈಗೆ ಒಂದು ಚೀಟಿ ಕೊಡಿ. ನಿಮ್ಮ ಸರ್ವ್ ಇದ್ದಾಗ ಕಳೆದುಕೊಂಡ ಪ್ರತಿ ರ‍್ಯಾಲಿಯೂ ಎಷ್ಟನೇ ಹೊಡೆತಕ್ಕೆ ಮುಗಿಯಿತು ಎಂದು ಬರೆಯಲಿ, ಸಾಕು. ಮೂರು, ನಾಲ್ಕು, ಐದೇ ಹೆಚ್ಚಿದ್ದರೆ ನಾನು ಹೇಳಿದ್ದು ನಿಜ. ಎಂಟು ಹತ್ತಕ್ಕೆ ಹೋಗಿ ಮುಗಿಯುತ್ತಿದ್ದರೆ ತೊಂದರೆ ಕಿಚನ್ ಗೆರೆಯ ಮೇಲಿದೆ, ಅದಕ್ಕೆ ಅಭ್ಯಾಸವೇ ಬೇರೆ.

ಶಟಲ್ ಆಡಿದವರು ಬೇಗ ಮೇಲೇರುತ್ತಾರೆ ಎಂಬ ಮಾತಿದೆ. ಕಣ್ಣು, ಕೈ, ಓವರ್‌ಹೆಡ್ ಮಟ್ಟಿಗೆ ನಿಜ. ಆದರೆ ಶಟಲ್ ಕಲಿಸಿದ ಮಣಿಕಟ್ಟಿನ ಚಿಮ್ಮು ಇಲ್ಲಿ ಡ್ರಾಪನ್ನೂ ಕೆಡಿಸುತ್ತದೆ, ಮೊಣಕೈಯನ್ನೂ ಕೆಡಿಸುತ್ತದೆ. ಲೆಕ್ಕ ನೋಡಿ: ಶಟಲ್ 5 ಗ್ರಾಂ ಆಸುಪಾಸು, ಪಿಕಲ್‌ಬಾಲ್ ಚೆಂಡು 22ರಿಂದ 26 ಗ್ರಾಂ. ಶಟಲ್ ರ‍್ಯಾಕೆಟ್ 85-90 ಗ್ರಾಂ, ಪ್ಯಾಡಲ್ 220-235 ಗ್ರಾಂ. ಮೇಲಾಗಿ ಪ್ಯಾಡಲ್‌ಗೆ ಬಾಗುವ ಶಾಫ್ಟ್ ಇಲ್ಲ, ತಂತಿ ಇಲ್ಲ. ಅದೇ ಮಣಿಕಟ್ಟು, ಅದೇ ಬ್ಯಾಕ್‌ಹ್ಯಾಂಡ್ ಚಿಮ್ಮು, ಹೊರೆ ಮಾತ್ರ ಎರಡೂವರೆ ಪಟ್ಟು.

ಡ್ರಾಪ್ ಅಭ್ಯಾಸವನ್ನು ಬೇಸ್‌ಲೈನಿನಿಂದ ಶುರು ಮಾಡಬೇಡಿ. ಕಿಚನ್ ಗೆರೆಯಿಂದ ಆರಂಭಿಸಿ, ಹತ್ತರಲ್ಲಿ ಎಂಟು ಎದುರಿನ ಕಿಚನ್‌ಗೆ ಬಿದ್ದ ಮೇಲೆ ಎರಡು ಹೆಜ್ಜೆ ಹಿಂದೆ ಸರಿಯಿರಿ, ಮತ್ತೆ ಎಂಟು, ಮತ್ತೆ ಎರಡು ಹೆಜ್ಜೆ. ಮೊಣಕಾಲು ಬಾಗಿರಲಿ, ಚೆಂಡು ದೇಹದ ಮುಂದೆ ಸಿಗಲಿ, ಮಣಿಕಟ್ಟು ಅಲುಗಬಾರದು. ತೋಳು ಭುಜದಿಂದ ಬೀಸಿ ಬರಬೇಕು. ಹಿಡಿತದ ಬಿಗಿಯನ್ನು ಹತ್ತರ ಅಳತೆಯಲ್ಲಿ ಮೂರು ನಾಲ್ಕಕ್ಕೆ ಇಡಿ. ಚೆಂಡಿನ ಕಮಾನಿನ ತುದಿ ನೆಟ್‌ನ ನಿಮ್ಮ ಬದಿಯಲ್ಲೇ ಇರಬೇಕು, ನೆಟ್ ದಾಟುವಾಗ ಅದು ಇಳಿಯುತ್ತಿರಬೇಕು. ಬಹಳ ಜನ ನೆಟ್‌ಗೆ ತಾಗೀತೆಂದು ಹೆದರಿ ಕಮಾನನ್ನು ಆಚೆಗೆ ತಳ್ಳುತ್ತಾರೆ, ಅಲ್ಲೇ ಚೆಂಡು ತೇಲಿ ಎದುರಾಳಿಯ ಎದೆಮಟ್ಟಕ್ಕೆ ಸಿಗುತ್ತದೆ. ನೆಟ್ ನಡುವೆ 34 ಇಂಚು, ಅಂಚಿನಲ್ಲಿ 36. ಕಲಿಯುವಾಗ ನಡುವಿಗೇ ಆಡಿ. ಡ್ರಾಪ್ ಆಡಿದ ಮೇಲೆ ಕುರುಡಾಗಿ ಓಡಬಾರದು. ಎದುರಾಳಿ ಚೆಂಡು ಮುಟ್ಟುವ ಕ್ಷಣಕ್ಕೆ ಎರಡೂ ಕಾಲೂರಿ ನಿಂತಿರಬೇಕು. ಮುಂದಕ್ಕೆ ಬರುವುದು ಐದನೇ ಹೊಡೆತಕ್ಕೆ ಆದರೂ ನಷ್ಟವಿಲ್ಲ.

ಮೊಣಕೈ

ನೀವು ವಿವರಿಸಿದ್ದು ಟೆನಿಸ್ ಎಲ್ಬೋ ಎಂದು ಕರೆಯುವ ತೊಂದರೆಗೆ ಹೊಂದುತ್ತದೆ: ಮಣಿಕಟ್ಟನ್ನು ಹಿಂದಕ್ಕೆತ್ತುವ ಸ್ನಾಯುಗಳು ಮೊಣಕೈಯ ಹೊರಗಿನ ಎಲುಬಿಗೆ ಅಂಟಿಕೊಂಡಿರುವ ಜಾಗ ದಣಿದಿದೆ. ಪರೀಕ್ಷಿಸಿ ಖಚಿತ ಮಾಡುವುದು ವೈದ್ಯರ ಅಥವಾ ಫಿಸಿಯೋ ಅವರ ಕೆಲಸ. ಬೆರಳು ಮರಗಟ್ಟುವುದು, ರಾತ್ರಿ ನೋವಿಗೆ ಎಚ್ಚರವಾಗುವುದು, ಕುತ್ತಿಗೆಯಿಂದಲೇ ನೋವು ಇಳಿಯುವುದು, ಇವುಗಳಲ್ಲಿ ಯಾವುದಿದ್ದರೂ ಕಾಯದೆ ತೋರಿಸಿ.

ಆಟ ಪೂರ್ತಿ ನಿಲ್ಲಿಸಬೇಕೆಂದೇನಿಲ್ಲ. ಪೂರ್ತಿ ವಿಶ್ರಾಂತಿ ಕೊಟ್ಟ ಸ್ನಾಯುರಜ್ಜು ಆಟಕ್ಕೆ ಮರಳಿದ ವಾರವೇ ಮತ್ತೆ ಮುನಿಯುವುದು ಸಾಮಾನ್ಯ. ವಾರಕ್ಕೆ ನಾಲ್ಕು ದಿನವನ್ನು ಎರಡಕ್ಕೆ ಇಳಿಸಿ, ನಡುವೆ ಒಂದು ದಿನವಾದರೂ ಬಿಟ್ಟು ಆಡಿ. ಉಳಿದ ದಿನ ಮುಂಗೈಯನ್ನು ಮೇಜಿನ ಮೇಲೊರಗಿಸಿ, ಅಂಗೈ ಕೆಳಗೆ ಮಾಡಿ, ಒಂದು ಲೀಟರ್ ನೀರಿನ ಬಾಟಲಿ ಹಿಡಿದು ಎಡಗೈ ಸಹಾಯದಿಂದ ಮಣಿಕಟ್ಟನ್ನು ಮೇಲೆತ್ತಿ, ಬಲಗೈಯಿಂದಲೇ ಮೂರು ನಾಲ್ಕು ಸೆಕೆಂಡು ಎಣಿಸುತ್ತ ನಿಧಾನ ಇಳಿಸಿ. 15 ಸಲ, ಮೂರು ಸುತ್ತು. ಲೀಟರ್ ಭಾರವೆನಿಸಿದರೆ ಅರ್ಧ ಲೀಟರಿನಿಂದ ಶುರು ಮಾಡಿ. ಹತ್ತರಲ್ಲಿ ಮೂರರಷ್ಟು ನೋವು ಸರಿ, ಮರುದಿನ ಬೆಳಿಗ್ಗೆ ನೋವು ಹೆಚ್ಚಿದ್ದರೆ ಭಾರ ಕಡಿಮೆ ಮಾಡಿ. ಮೊಣಕೈಗಿಂತ ಎರಡು ಬೆರಳು ಕೆಳಗೆ ಕಟ್ಟುವ ಪಟ್ಟಿ ಆಡುವಾಗ ಸ್ವಲ್ಪ ನೆರವಾಗುತ್ತದೆ, ಗುಣ ಮಾಡುವುದಿಲ್ಲ. ಟೂರ್ನಿ ಹತ್ತಿರ ಬಂತೆಂದು ಸ್ಟಿರಾಯ್ಡ್ ಚುಚ್ಚುಮದ್ದು ಕೇಳುವವರಿದ್ದಾರೆ. ಮೊದಲ ಕೆಲವು ವಾರ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ವರ್ಷದ ಲೆಕ್ಕದಲ್ಲಿ ನೋವು ಮರುಕಳಿಸುವುದು ಹೆಚ್ಚು. ನಿಮ್ಮ ಹಂತದಲ್ಲಿ ಅದು ಬೇಕಾಗಿಲ್ಲ.

ಎರಡು ಕೈಯ ಬ್ಯಾಕ್‌ಹ್ಯಾಂಡ್ ಕಲಿಯಿರಿ. ಎಡಗೈ ಹೊರೆ ಹೊರುತ್ತದೆ, ಮಣಿಕಟ್ಟು ತಾನಾಗಿ ಕಟ್ಟುಬೀಳುತ್ತದೆ. ಇಪ್ಪತ್ತು ವರ್ಷದ ಶಟಲ್ ಅಭ್ಯಾಸ ಮೊದಲ ಎರಡು ವಾರ ತಕರಾರು ಮಾಡುತ್ತದೆ, ಮಾಡಲಿ.

ಅಂಗಡಿಯವರ ಮಾತನ್ನು ಬಿಡಿಸಿ ನೋಡಿದರೆ

ಟಿ700 ಎಂಬುದು ಕಾರ್ಬನ್ ನಾರಿನ ಒಂದು ದರ್ಜೆ, ಎಳೆತಕ್ಕೆ ಎಷ್ಟು ಗಟ್ಟಿ ಎಂಬ ಲೆಕ್ಕದ್ದು. ಅದು ಪವರ್‌ನ ಅಂಕೆಯಲ್ಲ. ಪಾಲಿಶ್ ಇಲ್ಲದ ಕಾರ್ಬನ್ ಮುಖದ ಉಪಯೋಗ ಅದರ ಉರುಟು ಮೈ, ಅದರಿಂದ ಸ್ಪಿನ್ ಸಿಗುತ್ತದೆ. ಆಡುತ್ತ ಆಡುತ್ತ ಆ ಉರುಟು ಸವೆಯುತ್ತದೆ, ವಾರಕ್ಕೆ ಮೂರು ನಾಲ್ಕು ದಿನ ಆಡುವವರಿಗೆ ಕೆಲವೇ ತಿಂಗಳಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ನಿಮ್ಮ ಈಗಿನ ಫೈಬರ್‌ಗ್ಲಾಸ್ ಮುಖ ಕಾರ್ಬನ್‌ಗಿಂತ ಹೆಚ್ಚು ಬಾಗಿ ಮರಳುತ್ತದೆ, ಹಾಗಾಗಿ ಚೆಂಡು ಟಪ್ಪೆಂದು ಚಿಮ್ಮುತ್ತದೆ. ಅಂದರೆ ಪವರ್ ನಿಮ್ಮಲ್ಲಿ ಈಗಾಗಲೇ ಬೇಕಾದಷ್ಟಿದೆ, ಅದೂ 13 ಮಿ.ಮೀ.ಯಲ್ಲಿ.

ದಪ್ಪದ ವಿಷಯದಲ್ಲಿ ಭಾವಮೈದನ ಮಾತು ಸರಿ. ಒಳಗಿರುವುದು ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್‌ನ ಜೇನುಗೂಡು ತಿರುಳು. ತಿರುಳು ದಪ್ಪವಾದಷ್ಟೂ ಪೆಟ್ಟು ಹೀರಿಕೊಳ್ಳುತ್ತದೆ, ಚೆಂಡು ತುಸು ಮೆತ್ತಗೆ ಬಿಡುತ್ತದೆ, ನಡುವಿಗೆ ತಾಗದ ಹೊಡೆತದಲ್ಲೂ ಪ್ಯಾಡಲ್ ಕೈಯಲ್ಲಿ ಕಡಿಮೆ ತಿರುಚುತ್ತದೆ. 14 ಮಿ.ಮೀ. ಚುರುಕು, ನೆಟ್‌ನಲ್ಲಿ ಕೈಜಗಳಕ್ಕೆ ಒಳ್ಳೆಯದು, ಡ್ರಾಪ್ ಕಲಿಯುತ್ತಿರುವವರಿಗೆ ಅಲ್ಲ.

ಉದ್ದನೆಯ ಆಕಾರ ನಿಮಗೆ ಸ್ಪಷ್ಟವಾಗಿ ಬೇಡ. ನಿಯಮದಂತೆ ಉದ್ದ 17 ಇಂಚು ಮೀರಬಾರದು, ಉದ್ದ ಅಗಲ ಸೇರಿ 24 ಇಂಚು ಮೀರಬಾರದು. ಹಾಗಾಗಿ ಉದ್ದ ಹೆಚ್ಚಾದಂತೆ ಅಗಲ ಬಿಟ್ಟುಕೊಡಬೇಕು. 16.5 ಉದ್ದ, 7.5 ಅಗಲದ ಪ್ಯಾಡಲ್‌ಗೆ ಕೈಚಾಚು ಹೆಚ್ಚು, ಆದರೆ ತಲೆ ಭಾರ ಕೈಯಿಂದ ದೂರ ಹೋಗುತ್ತದೆ, ಅಂಚಿಗೆ ತಾಗಿದರೆ ತಿರುಚಿಕೊಳ್ಳುತ್ತದೆ. ಆ ತಿರುಚನ್ನು ತಡೆಯಲು ನೀವು ಬಿಗಿಯಾಗಿ ಹಿಡಿಯುತ್ತೀರಿ, ಬಿಗಿ ಹಿಡಿತ ನೇರ ಮೊಣಕೈಗೆ ಹೋಗುತ್ತದೆ. 16 ಉದ್ದ, 8 ಅಗಲದ ಸಾಮಾನ್ಯ ಆಕಾರವೇ ಸರಿ. ಕಂಪನಿಗಳು ಈಗ ಸ್ವಿಂಗ್ ವೇಟ್ (ಬೀಸುವಾಗ ಎಷ್ಟು ಭಾರ ಅನ್ನಿಸುತ್ತದೆ), ಟ್ವಿಸ್ಟ್ ವೇಟ್ (ತಿರುಚನ್ನು ಎಷ್ಟು ತಡೆಯುತ್ತದೆ) ಎಂಬ ಎರಡು ಅಂಕೆ ಕೊಡುತ್ತವೆ. ಒಟ್ಟು ತೂಕಕ್ಕಿಂತ ಇವು ಮುಖ್ಯ. ನಿಮಗೆ ಸ್ವಿಂಗ್ ವೇಟ್ 115ರ ಒಳಗೆ, ಟ್ವಿಸ್ಟ್ ವೇಟ್ 6.5ರ ಮೇಲೆ, ಒಟ್ಟು ತೂಕ 225ರಿಂದ 235 ಗ್ರಾಂ ಇರಲಿ. ತೀರಾ ಹಗುರ ಪ್ಯಾಡಲ್ ಮೊಣಕೈಗೆ ಒಳ್ಳೆಯದು ಎಂಬುದು ಅರ್ಧ ಸತ್ಯ. ಬೀಸಲು ಸುಲಭ ನಿಜ, ಆದರೆ ವೇಗದ ಚೆಂಡಿನ ಪೆಟ್ಟನ್ನು ತಾನು ತಡೆಯದೆ ಕೈಗೇ ದಾಟಿಸುತ್ತದೆ. ಎರಡು ಕೈ ಬ್ಯಾಕ್‌ಹ್ಯಾಂಡಿಗೆ ಹಿಡಿಕೆ ಐದೂಕಾಲು ಇಂಚಾದರೂ ಉದ್ದ ಬೇಕು.

ಥರ್ಮೋಫಾರ್ಮ್ಡ್ ಅಂದರೆ ಮುಖ, ಹಿಡಿಕೆ ಎಲ್ಲವನ್ನೂ ಅಚ್ಚಿನಲ್ಲಿ ಕಾಯಿಸಿ ಒತ್ತಿ ಒಂದೇ ತುಂಡು ಮಾಡಿದ್ದು, ಅಂಚಿಗೆ ಫೋಮ್ ತುಂಬಿರುತ್ತಾರೆ. ಗಡಸು ಹೆಚ್ಚು, ಹೊಡೆತಕ್ಕೆ ಬಲ ಹೆಚ್ಚು. ಇವುಗಳ ರೋಗ ಒಳಗಿನ ತಿರುಳು ಕುಸಿಯುವುದು. ಕುಸಿದ ಜಾಗದಲ್ಲಿ ಮುಖ ಸಡಿಲವಾಗಿ ಚೆಂಡು ಟ್ರ್ಯಾಂಪೊಲಿನ್‌ನಿಂದ ಎಗರಿದಂತೆ ಎಗರುತ್ತದೆ, ಅಂಥ ಪ್ಯಾಡಲ್ ಟೂರ್ನಿಯಲ್ಲಿ ನಿಷಿದ್ಧ. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಒಂದು ರೂಪಾಯಿ ನಾಣ್ಯದಿಂದ ಮುಖದ ತುಂಬ ಟಕಟಕ ಬಡಿಯುತ್ತ ಬನ್ನಿ. ಒಂದು ಕಡೆ ಸದ್ದು ಮಂದವಾಗಿ ಬದಲಾದರೆ ಬಿಟ್ಟುಬಿಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಯಾವ ಪ್ಯಾಡಲನ್ನೂ ಇಡಬೇಡಿ, ಅಂಟು ಸಡಿಲವಾಗುತ್ತದೆ.

ಹಾಗಾದರೆ ಏನು ಕೊಳ್ಳುವುದು? 16 ಮಿ.ಮೀ., ಸಾಮಾನ್ಯ ಆಕಾರ, ಪಾಲಿಶ್ ಇಲ್ಲದ ಕಾರ್ಬನ್ ಮುಖ. ಈ ಮೂರೂ 6,000ದಿಂದ 9,000 ರೂಪಾಯಿಯೊಳಗೆ ಸಿಗುತ್ತವೆ. ಅದರ ಮೇಲೆ ಕೊಡುವ ಹತ್ತು ಸಾವಿರ ನಿಮಗೆ ಈಗ ಬೇಡದ ಪವರ್‌ಗೆ ಮತ್ತು ಹೆಸರಿಗೆ ಹೋಗುತ್ತದೆ. 2025ರಲ್ಲಿ ಮುಂಬೈನ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ (ಸಿಸಿಐ) ವರ್ಲ್ಡ್ ಪಿಕಲ್‌ಬಾಲ್ ಲೀಗ್ ನೋಡಿ ಬಂದವರು ಅಲ್ಲಿನ ಆಟಗಾರರ ಕೈಯಲ್ಲಿದ್ದ ಮಾದರಿಯನ್ನೇ ಕೇಳುತ್ತಾರೆ. ಆ ಆಟಗಾರರಿಗೆ ಡ್ರಾಪ್ ನಿದ್ದೆಯಲ್ಲೂ ಬರುತ್ತದೆ. ಅವರು ಪ್ಯಾಡಲ್‌ನಿಂದ ಕೇಳುವುದೇ ಬೇರೆ. ಹೊರದೇಶದಿಂದ ಯಾರೋ ಸೂಟ್‌ಕೇಸಿನಲ್ಲಿ ತಂದದ್ದು ಅಗ್ಗವಾದರೂ ವಾರಂಟಿ ಇರುವುದಿಲ್ಲ. ತಿರುಳು ಕುಸಿಯುವ ಸಾಧ್ಯತೆ ಇರುವ ವಸ್ತುವಿಗೆ ವಾರಂಟಿಯೇ ಅರ್ಧ ಬೆಲೆ.

ಕೊಳ್ಳುವ ಮೊದಲು ಎರಡು ಸಂಜೆ ಎರವಲು ಪಡೆದು ಆಡಿ. ಸ್ಮ್ಯಾಶ್ ಹೊಡೆದು ನೋಡಬೇಡಿ, ಹೊಸ ಪ್ಯಾಡಲ್‌ನಲ್ಲಿ ಸ್ಮ್ಯಾಶ್ ಎಲ್ಲರಿಗೂ ಚೆನ್ನಾಗಿಯೇ ಕಾಣುತ್ತದೆ. ಹತ್ತು ನಿಮಿಷ ಡಿಂಕ್, ಹತ್ತು ನಿಮಿಷ ಬೇಸ್‌ಲೈನ್ ಡ್ರಾಪ್, ಆಮೇಲೆ ಭಾವಮೈದ ಹೊಡೆದ ಡ್ರೈವ್‌ಗಳನ್ನು ಬ್ಲಾಕ್ ಮಾಡಿ. ಮರುದಿನ ಬೆಳಿಗ್ಗೆ ಹಾಲಿನ ಪಾತ್ರೆ ಎತ್ತಿದಾಗ ಏನನ್ನಿಸಿತು ಎಂಬುದೇ ಕೊನೆಯ ಪರೀಕ್ಷೆ.

ಪ್ಯಾಡಲ್ ಕೊಳ್ಳುವ ಮೊದಲೇ, ಇವತ್ತೇ ಮಾಡಬಹುದಾದ ಕೆಲಸ ಹಿಡಿಕೆಯದು. ಪ್ಯಾಡಲ್ ಹಿಡಿದು ಬೆರಳು ಮುಚ್ಚಿ. ಉಂಗುರ ಬೆರಳಿನ ತುದಿಗೂ ಅಂಗೈಯ ಬುಡಕ್ಕೂ ನಡುವೆ ಎಡಗೈಯ ತೋರುಬೆರಳು ಸರಾಗ ಕೂರಬೇಕು. ಜಾಗ ಕಡಿಮೆ ಇದ್ದರೆ ಹಿಡಿಕೆ ಸಣ್ಣ, ಅದಕ್ಕೇ ನೀವು ಹಿಂಡಿ ಹಿಡಿಯುತ್ತಿದ್ದೀರಿ. ಕಡಿಮೆ ಬೆಲೆಯ ಪ್ಯಾಡಲ್‌ಗಳ ಹಿಡಿಕೆ ಬಹಳ ಸಲ ಸಣ್ಣದೇ. ಮೇಲೊಂದು ಓವರ್‌ಗ್ರಿಪ್ ಸುತ್ತಿದರೆ ಸುತ್ತಳತೆ ಒಂದೂವರೆ ಮಿ.ಮೀ.ಯಷ್ಟು ಹೆಚ್ಚುತ್ತದೆ. ಮುಂಬೈಯ ಸೆಕೆಗೆ ಓವರ್‌ಗ್ರಿಪ್ ನಾಲ್ಕೈದು ಆಟಕ್ಕೇ ಜಾರತೊಡಗುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ. ಜಾರುವ ಹಿಡಿಕೆ ಅಂದರೆ ಮತ್ತೆ ಬಿಗಿ ಹಿಡಿತ. ಅಲ್ಲಿ ಜಿಪುಣತನ ಮಾಡಬೇಡಿ. ಹೊಸ ಪ್ಯಾಡಲ್ ಕೈಯಲ್ಲಿ ತಿರುಚುತ್ತದೆ ಅನ್ನಿಸಿದರೆ ಗಡಿಯಾರದ 3 ಮತ್ತು 9ರ ಜಾಗದ ಅಂಚಿಗೆ ಮೂರು ಮೂರು ಗ್ರಾಂ ಸೀಸದ ಟೇಪ್ ಅಂಟಿಸಬಹುದು, ನಿಯಮ ಒಪ್ಪುತ್ತದೆ. ಚೆಂಡು ತಾಗುವ ಮುಖದ ಮೇಲೆ ಮಾತ್ರ ಬರಬಾರದು. ಅಂಟಿಸಿದ ಮೇಲೆ ಕೈ ತೊಳೆಯಿರಿ.

ಯಾವ ವಿಭಾಗ

ಮೊದಲ ದಾರಿ, 3.5. ಗೆಲುವಿನ ಆಸೆ ಬಿಟ್ಟು ಅನುಭವಕ್ಕೆಂದು ಹೋಗುವುದು ತಪ್ಪಲ್ಲ. ಆದರೆ ನೋಯುವ ಮೊಣಕೈ ಹೊತ್ತು, ಎರಡು ತಿಂಗಳಲ್ಲಿ ಪ್ಯಾಡಲನ್ನೂ ಬ್ಯಾಕ್‌ಹ್ಯಾಂಡನ್ನೂ ಬದಲಿಸಿ, ಮೇಲಿನ ವಿಭಾಗದ ವೇಗಕ್ಕೆ ಇಳಿದರೆ ಮತ್ತೆ ಹಳೆಯ ಮಣಿಕಟ್ಟೇ ಹೊರಬರುತ್ತದೆ. ಮೂರು ಮ್ಯಾಚ್ ಸೋಲು ದೊಡ್ಡದಲ್ಲ, ಮೊಣಕೈ ಮೂರು ತಿಂಗಳಿಗೆ ಹೋದರೆ ದೊಡ್ಡದು.

ಎರಡನೆಯದು, 3.25ರವರೆಗೆ ಎಂದು ಮೇಲ್ಮಿತಿ ಇರುವ ವಿಭಾಗ. ನನ್ನ ಸಲಹೆ ಇದೇ. ನಿಮ್ಮ ರೇಟಿಂಗ್ 3.12 ಇರುವಾಗ ಇದನ್ನು ಯಾರೂ ಕೆಳಗೆ ಇಳಿದು ಆಡಿದಿರಿ ಎನ್ನುವಂತಿಲ್ಲ. ಆದರೆ 'ಇಂಟರ್‌ಮೀಡಿಯೇಟ್' ಎಂಬ ಹೆಸರನ್ನು ನಂಬಬೇಡಿ. ನಮ್ಮಲ್ಲಿ ಒಂದು ಟೂರ್ನಿಯ ಇಂಟರ್‌ಮೀಡಿಯೇಟ್ 3.0ದಿಂದ 3.5, ಇನ್ನೊಂದರದು 4.0ವರೆಗೆ. ಮೇಲ್ಮಿತಿಯ ಅಂಕೆ ಎಷ್ಟು, ಅದನ್ನು ಯಾವ ದಿನಾಂಕದ ರೇಟಿಂಗ್ ನೋಡಿ ನಿರ್ಧರಿಸುತ್ತೀರಿ ಎಂದು ಸಂಘಟಕರನ್ನು ಕೇಳಿ. ಜೋಡಿಯ ವಿಷಯದಲ್ಲಿ ಕೆಲವರು ಇಬ್ಬರಲ್ಲಿ ಹೆಚ್ಚಿನ ರೇಟಿಂಗ್ ಹಿಡಿಯುತ್ತಾರೆ, ಕೆಲವರು ಇಬ್ಬರದನ್ನೂ ಕೂಡಿಸಿ ಮಿತಿ ಹಾಕುತ್ತಾರೆ. ಭಾವಮೈದನ ಅಂಕೆ ನೀವು ಬರೆದಿಲ್ಲ. ಅವರದು 3.6 ಆಗಿದ್ದರೆ ನನ್ನ ಸಲಹೆ ಕಾಗದದ ಮೇಲೇ ಉಳಿಯುತ್ತದೆ, ಆಗ ಬೇರೆ ಜೊತೆಗಾರರನ್ನು ಹುಡುಕಬೇಕು. ಮನೆಯಲ್ಲಿ ಅದನ್ನು ಹೇಗೆ ಹೇಳುವುದು ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಮೂರನೆಯದು ನಿಮ್ಮ ವಯಸ್ಸಿಗೆ ಸಿಗುವ 35+. ವಯಸ್ಸಾದವರ ವಿಭಾಗ, ಸುಲಭ ಇರಬಹುದು ಎಂದು ಬಹಳ ಜನ ಮೋಸ ಹೋಗುವುದು ಇಲ್ಲೇ. ಅದಕ್ಕೆ ಸಾಮಾನ್ಯವಾಗಿ ಮಟ್ಟದ ಮಿತಿ ಇರುವುದಿಲ್ಲ. ಹಿಂದೆ ಟೆನಿಸ್, ಟೇಬಲ್ ಟೆನಿಸ್‌ನಲ್ಲಿ ರಾಜ್ಯಮಟ್ಟ ಆಡಿದವರು ಬಂದು ನಿಲ್ಲುತ್ತಾರೆ. ಎಷ್ಟೋ ಸಲ ಅದು 3.5ಕ್ಕಿಂತ ಕಷ್ಟ.

ಈ ಎರಡು ತಿಂಗಳಲ್ಲಿ ಕನಿಷ್ಠ ನಾಲ್ಕು ವಾರಾಂತ್ಯ ಸೊಸೈಟಿ ಬಿಟ್ಟು ಹೊರಗೆ ಆಡಿ. ಥಾಣೆ, ಪೊವೈ, ಅಂಧೇರಿ, ಎಲ್ಲಾದರೂ ಸರಿ, ಅಪರಿಚಿತರ ಎದುರು. ಅದನ್ನು ಡೂಪರ್‌ನಲ್ಲಿ ದಾಖಲಿಸಿ. ರಿಲಯಬಿಲಿಟಿಯೂ ಏರುತ್ತದೆ, ನೆಲದ ವ್ಯತ್ಯಾಸವೂ ತಿಳಿಯುತ್ತದೆ. ಪೋಡಿಯಂ ಮೇಲೆ ಎರಡು ಟವರ್‌ಗಳ ನಡುವೆ ಬೀಸುವ ಗಾಳಿಗೆ ಒಗ್ಗಿದ ಡ್ರಾಪ್ ಒಳಾಂಗಣದಲ್ಲಿ ಉದ್ದವಾಗಿ ಬೀಳುತ್ತದೆ. ಟರ್ಫ್ ಹಾಸಿನ ಮೇಲೆ ಟೇಪ್ ಅಂಟಿಸಿ ಮಾಡಿದ ಕೋರ್ಟಿಗೆ ದುಡ್ಡು ಕೊಡಬೇಡಿ, ಅಲ್ಲಿ ಚೆಂಡು ಪುಟಿಯುವುದೇ ಇಲ್ಲ. ಟೂರ್ನಿಯ ಚೆಂಡು ಯಾವುದೆಂದು ಕೇಳಿ ಅದರಲ್ಲೇ ಅಭ್ಯಾಸ ಮಾಡಿ. ಹೊರಾಂಗಣದ 40 ತೂತಿನ ಗಡಸು ಚೆಂಡು ಒಳಾಂಗಣದ 26 ತೂತಿನದಕ್ಕಿಂತ ವೇಗ. ಗಡಸು ಚೆಂಡು ಬಿಸಿಲಿಗೆ ಮೆತ್ತಗಾಗುತ್ತದೆ, ಪುಣೆಯ ಡಿಸೆಂಬರ್ ಬೆಳಗಿನ ಚಳಿಯಲ್ಲಿ ಬಿರುಕು ಬಿಡುತ್ತದೆ. ಓಡುವ ಶೂ ಹಾಕಿ ಆಡುತ್ತಿದ್ದರೆ ನಿಲ್ಲಿಸಿ, ಅಡ್ಡಕ್ಕೆ ಹೆಜ್ಜೆ ಇಟ್ಟಾಗ ಪಾದ ಮಗುಚುತ್ತದೆ. ತಲೆಯ ಮೇಲಿಂದ ಎತ್ತಿ ಹಾಕಿದ ಚೆಂಡು (ಲಾಬ್) ಬಂದಾಗ ಶಟಲ್‌ನಂತೆ ಹಿಮ್ಮುಖವಾಗಿ ಓಡದೆ ತಿರುಗಿ ಓಡಿ.

ಪ್ಯಾಡಲ್‌ನ ಅನುಮತಿ ವಿಷಯ ನೀವು ಕೇಳಿಲ್ಲ, ಆದರೂ ಕೊಳ್ಳುವ ಮೊದಲು ಗೊತ್ತಿರಲಿ. ಭಾರತದಲ್ಲಿ 2008ರಲ್ಲಿ ಮುಂಬೈ ಮೂಲದ ಸುನಿಲ್ ವಾಲಾವಲ್ಕರ್ ಕಟ್ಟಿದ ಆಲ್ ಇಂಡಿಯಾ ಪಿಕಲ್‌ಬಾಲ್ ಅಸೋಸಿಯೇಷನ್ ಇದೆ, 2025ರಲ್ಲಿ ಕೇಂದ್ರ ಕ್ರೀಡಾ ಸಚಿವಾಲಯದ ಮಾನ್ಯತೆ ಪಡೆದ ಇಂಡಿಯನ್ ಪಿಕಲ್‌ಬಾಲ್ ಅಸೋಸಿಯೇಷನ್ ಬೇರೆ ಇದೆ, ಖಾಸಗಿ ಸಂಘಟಕರೂ ಬೇಕಾದಷ್ಟಿದ್ದಾರೆ. ಅನುಮತಿ ಪಡೆದ ಪ್ಯಾಡಲ್‌ಗಳ ಯಾವ ಪಟ್ಟಿಯನ್ನು ನಿಮ್ಮ ಟೂರ್ನಿ ಒಪ್ಪುತ್ತದೆ ಎಂಬುದು ಅದರ ನಿಯಮಪತ್ರದಲ್ಲಿರುತ್ತದೆ. ಬಹಳಷ್ಟು ಕಡೆ ಯುಎಸ್‌ಎ ಪಿಕಲ್‌ಬಾಲ್‌ನ ಪಟ್ಟಿಯನ್ನೇ ಹಿಡಿಯುತ್ತಾರೆ. ಪ್ಯಾಡಲ್ ಮೇಲೆ 'ಅಪ್ರೂವ್ಡ್' ಎಂದು ಅಚ್ಚಾಗಿದ್ದರೆ ಸಾಲದು, ನಕಲಿಯ ಮೇಲೂ ಅದೇ ಅಚ್ಚು ಇರುತ್ತದೆ. ಮಾದರಿಯ ಪೂರ್ತಿ ಹೆಸರನ್ನು, ದಪ್ಪದ ಅಂಕೆ ಸಮೇತ, ಆನ್‌ಲೈನ್ ಪಟ್ಟಿಯಲ್ಲಿ ಹುಡುಕಿ. ಒಂದೇ ಹೆಸರಿನ 14 ಇದ್ದು 16 ಇಲ್ಲದಿರಬಹುದು. ಪಟ್ಟಿ ಬದಲಾಗುತ್ತದೆ ಕೂಡ. 2024ರ ಮೇನಲ್ಲಿ ಹೆಸರಾಂತ ಕಂಪನಿಯೊಂದರ ಹೊಸ ಮಾದರಿಗಳನ್ನೇ ಅದರಿಂದ ತೆಗೆದುಹಾಕಿದರು, ದುಬಾರಿ ಬೆಲೆ ಕೊಟ್ಟವರು ಕೈಕೈ ಹಿಸುಕಿಕೊಂಡರು. ಆದ್ದರಿಂದ ಕೊಳ್ಳುವ ದಿನ ಒಮ್ಮೆ, ಟೂರ್ನಿಯ ಹಿಂದಿನ ವಾರ ಇನ್ನೊಮ್ಮೆ ನೋಡಿ. ನಿಮ್ಮ ಹಳೆಯ 2,200ರ ಪ್ಯಾಡಲ್ ಪಟ್ಟಿಯಲ್ಲಿದ್ದರೆ ಅದಕ್ಕೂ ಹೊಸ ಗ್ರಿಪ್ ಸುತ್ತಿ ಚೀಲದಲ್ಲಿಟ್ಟುಕೊಳ್ಳಿ. ಪೂಲ್ ಮ್ಯಾಚಿನ ನಡುವೆ ಪ್ಯಾಡಲ್ ಒಡೆದರೆ ಎರವಲು ಕೊಡುವವರು ಸಿಗುತ್ತಾರೆ, ನಿಮ್ಮ ಅಳತೆಯ ಹಿಡಿಕೆ ಸಿಗುವುದಿಲ್ಲ.